ಅವ್ವ ಕೈಯಾರೆ ಕೊಟ್ಟದ್ದು

‘ನಮ್ಮ ಅವ್ವನ ಹಣ ಮತ್ತು ಬಂಗಾರ ಕಳುವಾಗಿದೆ.’ ದೂರಿನ ಮೊದಲ ಸಾಲು ಹೀಗೆ ಬರೆದಿದ್ದೆ. ಠಾಣೆಯ ರೈಟರ್ ಅಷ್ಟು ಓದಿ ಹಾಳೆ ಕೆಳಗಿಟ್ಟರು. “ಅಕ್ಕಾರ, ಆಕಿ ನಿಮ್ಮ ಮನಿ ಹೊಕ್ಕು ತಗೊಂಡಾಳೇನು? ನೀವ ಕೊಟ್ಟೀರೇನು?”

ಅವ್ವ ತಲೆ ತಗ್ಗಿಸಿದಳು. “ನಾನ ಕೊಟ್ಟೀನ್ರೀ ಸಾಹೇಬ್ರ.”

ನಮ್ಮೂರು ಬೀಡಿಯಲ್ಲಿ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಅವ್ವನ ಹೆಸರಿನಲ್ಲಿ ಸಂಘದ ಸಾಲ ಎತ್ತಿಸಿದ್ದಳು. ಅರ್ಧ ಸಾಲ ಸರಕಾರ ಮನ್ನಾ ಮಾಡುತ್ತದೆ, ಉಳಿದ ಕಂತು ನಾನೇ ತುಂಬುತ್ತೇನೆ, ರೊಕ್ಕ ನನಗೆ ಕೊಡು ಎಂದಿದ್ದಳು. ಕೆಲವು ವಾರ ತುಂಬಿದಳು, ಆಮೇಲೆ ಬಿಟ್ಟಳು. ಅದಕ್ಕೂ ಮೊದಲು, ಮದುವೆಗೆ ಹಾಕಿಕೊಂಡು ಹೋಗಿ ತಂದುಕೊಡುತ್ತೇನೆಂದು ಅವ್ವನ ಬೋರಮಾಳ ಸರ ಒಯ್ದಿದ್ದಳು. ಅದನ್ನು ಒತ್ತೆ ಇಟ್ಟದ್ದು ಸಾಲದ ಗಲಾಟೆಯಲ್ಲಿ ಹೊರಬಿತ್ತು. 2024ರ ಕೊನೆಯ ಹೊತ್ತಿಗೆ ಬೆಳಗಾವಿ ಜಿಲ್ಲೆಯ ಎಷ್ಟೋ ಹೆಣ್ಣುಮಕ್ಕಳು ಇಂಥದೇ ಸಾಲದ ಗೋಳು ಹೊತ್ತು ಬೀದಿಗಿಳಿದಿದ್ದರು.

ಖಾನಾಪುರದ ವಕೀಲರೊಬ್ಬರು ನಮ್ಮನ್ನು ಕೂಡಿಸಿಕೊಂಡು ಬಿಡಿಸಿ ಹೇಳಿದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ ಕಲಂ 303ರ ಕಳವಿಗೆ, ವಸ್ತು ನಮ್ಮ ಒಪ್ಪಿಗೆ ಇಲ್ಲದೆ ನಮ್ಮ ಸ್ವಾಧೀನದಿಂದ ಹೋಗಿರಬೇಕು. ಅವ್ವ ಒಪ್ಪಿ ಕೊಟ್ಟಿದ್ದಳು, ಆದ್ದರಿಂದ ಅದು ಕಳವಲ್ಲ.

ಸಾಲದ ಹಣದ್ದು ವಂಚನೆಯ ಮಾತು. ಜನ ಇಂದಿಗೂ ‘ಫೋರ್ ಟ್ವೆಂಟಿ’ ಎನ್ನುವ ಹಳೆಯ 420 ಈಗ 318ನೇ ಕಲಮಿನಲ್ಲಿದೆ. “ರೊಕ್ಕ ಇಸಗೊಳ್ಳೋ ಹೊತ್ತಿನ್ಯಾಗ ಆಕಿ ಮನಸಿನ್ಯಾಗ ಮೋಸ ಇತ್ತೇನು? ಆಮ್ಯಾಲ ಕೊಡಲಿಕ್ಕೆ ಆಗಲಿಲ್ಲ ಅಂದ್ರ ಅದು ಬರೇ ಸಾಲದ ವ್ಯಾಜ್ಯ” ಎಂದರು ವಕೀಲರು. ನಾಲ್ಕು ಕಂತು ತುಂಬಿದ್ದನ್ನೇ ಆಕೆಯ ಕಡೆಯವರು ಪ್ರಾಮಾಣಿಕತೆಗೆ ಸಾಕ್ಷಿ ಮಾಡಬಹುದಿತ್ತು. ನಮಗೆ ಉಳಿದ ಆಧಾರ ಒಂದೇ: ಮನ್ನಾದ ಮಾತು. ಅಂಥ ಯೋಜನೆಯೇ ಇರಲಿಲ್ಲ. ಆ ಮಾತನ್ನು ಎಲ್ಲಿ, ಯಾವತ್ತು, ಯಾರ ಎದುರಿಗೆ ಆಡಿದಳು ಎಂದು ನೆನಪಿಸಿಕೊಳ್ಳಲು ಅವ್ವನಿಗೆ ಎರಡು ದಿನ ಬೇಕಾಯಿತು. ಅದೇ ಮಾತು ಕೇಳಿ ಸಾಲ ಎತ್ತಿದ್ದ ಇನ್ನಿಬ್ಬರು ಓಣಿಯಲ್ಲೇ ಸಿಕ್ಕರು. ಮರ್ಯಾದೆಗೆ ಅಂಜಿ ಅವರೂ ಬಾಯಿ ಬಿಟ್ಟಿರಲಿಲ್ಲ.

ಸರದ ಕತೆ ಬೇರೆ. ಅದನ್ನು ಅವ್ವ ನಂಬಿ ಒಪ್ಪಿಸಿದ್ದಳು. ಮರಳಿ ಕೊಡಬೇಕಾದ ಒಡವೆಯನ್ನು ತನ್ನದೆಂಬಂತೆ ಒತ್ತೆ ಇಟ್ಟರೆ ಅದು 316ನೇ ಕಲಮಿನ ನಂಬಿಕೆ ದ್ರೋಹ. ಅಲ್ಲಿ ಕೊಟ್ಟ ಗಳಿಗೆಯಲ್ಲೇ ಮೋಸ ಇರಬೇಕೆಂದಿಲ್ಲ, ಕೊಟ್ಟ ಮೇಲೆ ಹುಟ್ಟಿದರೂ ಸಾಕು. ಒಂದೇ ಕೃತ್ಯವನ್ನು ವಂಚನೆಯೂ ಹೌದು, ನಂಬಿಕೆ ದ್ರೋಹವೂ ಹೌದು ಎನ್ನಲಾಗದೆಂದು ಸುಪ್ರೀಂ ಕೋರ್ಟು 2024ರ ಆಗಸ್ಟ್‌ನಲ್ಲಿ ಹೇಳಿದೆ. ಹಾಗಾಗಿ ಹಣದ್ದೂ ಸರದ್ದೂ ಬೇರೆ ಬೇರೆ ಪ್ಯಾರಾ ಮಾಡಿ ಬರೆದೆ. ಇನ್ನೊಂದು ನನಗೆ ಹೊಸದು: ನಂಬಿಕೆ ದ್ರೋಹದಿಂದ ಕೈಬದಲಾದ ಒಡವೆಯೂ 317ನೇ ಕಲಮಿನಲ್ಲಿ ಕಳವಿನ ಮಾಲೇ. ತಿಳಿದೂ ತಿಳಿದು ಇಟ್ಟುಕೊಂಡವನೂ ಉತ್ತರ ಹೇಳಬೇಕು.

ನಮ್ಮನ್ನು ನೋಯಿಸಿದ್ದು ಒಂದು ಪ್ರಶ್ನೆ. ಸಾಲದ ಅರ್ಜಿಯಲ್ಲಿ ‘ಎಮ್ಮೆ ಕೊಳ್ಳಲು’ ಎಂದಿತ್ತು, ಕೆಳಗೆ ಅವ್ವನ ಸಹಿ. “ಹಂಗಾರ ನಾನೂ ಸುಳ್ಳು ಹೇಳಿದ ಹಂಗಾತಲ್ಲ?” ಎಂದಳು. ವಕೀಲರು ಮುಚ್ಚಿಡಲಿಲ್ಲ: ಕಾಗದದ ಮೇಲೆ ಸಾಲಗಾರಳು ಅವ್ವನೇ. 2025ರಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದು ಕಿರುಸಾಲ ವಸೂಲಿಯ ಕಿರುಕುಳಕ್ಕೆ ತಡೆ ಹಾಕಿತು. ಆದರೆ ಅದರಿಂದ ನಮ್ಮ ಸಾಲ ಅಳಿಯಲಿಲ್ಲ.

ಹೊಸದಾಗಿ ಬರೆದ ದೂರು ದಾಖಲಾಯಿತು. ಎಫ್‌ಐಆರ್ ಪ್ರತಿಯನ್ನು ಪಿರ್ಯಾದುದಾರರಿಗೆ ಬಿಟ್ಟಿ ಕೊಡಬೇಕೆಂಬ ನಿಯಮವಿದೆ, ಕೇಳಿ ಪಡೆದೆವು. ಸರ ಪಂಚನಾಮೆಯಾಗಿ ಜಪ್ತಾಯಿತು. ಆಮೇಲೆ ಕೋರ್ಟಿನ ಆದೇಶದ ಮೇಲೆ ಬಾಂಡ್ ಬರೆದುಕೊಟ್ಟು ಮನೆಗೆ ತಂದೆವು. ಕೇಸು ಮುಗಿಯುವ ತನಕ ಮಾರುವಂತಿಲ್ಲ, ಕರೆದಾಗ ಹಾಜರುಪಡಿಸಬೇಕು. ಅವ್ವ ಅದನ್ನಿನ್ನೂ ಕೊರಳಿಗೆ ಹಾಕಿಲ್ಲ. ವಾರದ ಕಂತನ್ನು ಈಗ ನಾವಿಬ್ಬರೂ ಸೇರಿ ತುಂಬುತ್ತಿದ್ದೇವೆ.