ಸಹಿಗೆ ಮುಂಚೆ ಲೆಕ್ಕ

ಮಗಳೇ, ನವೆಂಬರ್ 1ರೊಳಗೆ ಅರ್ಲಿ ಡಿಸಿಷನ್ ಹಾಕುತ್ತೇನೆ ಅಂದೆಯಲ್ಲ, ಸಂತೋಷ. ಹಲವು ಕಾಲೇಜುಗಳಲ್ಲಿ ಹಾಗೆ ಹಾಕಿದವರಿಗೆ ಸೀಟು ಸಿಗುವ ಸಾಧ್ಯತೆ ಹೆಚ್ಚು ಅನ್ನುವುದೂ ನಿಜ. ಆದರೆ ದುಡ್ಡಿನ ಮಾತೆತ್ತಲು ನಿನಗೂ ಸಂಕೋಚ, ನಿನ್ನಪ್ಪನಿಗೂ ಸಂಕೋಚ. ಅದಕ್ಕೇ ದೊಡ್ಡಪ್ಪನಾಗಿ ನಾನೇ ಎತ್ತುತ್ತಿದ್ದೇನೆ.

ಅರ್ಲಿ ಡಿಸಿಷನ್ ಎಂದರೆ ಸೀಟು ಕೊಟ್ಟರೆ ಬಂದೇ ಬರುತ್ತೇನೆಂಬ ಕರಾರು. ನೀನು, ಅಪ್ಪ ಅಥವಾ ಅಮ್ಮ, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ಸೀಟು ಸಿಕ್ಕಿತೋ, ಉಳಿದ ಅರ್ಜಿಗಳನ್ನೆಲ್ಲ ವಾಪಸು ಪಡೆಯಬೇಕು. ಮಾಮೂಲಿ ಸುತ್ತಿನವರು ಮೇ 1ರವರೆಗೂ ನಾಲ್ಕಾರು ಕಾಲೇಜುಗಳ ಹಣಕಾಸು ನೆರವಿನ ಪತ್ರಗಳನ್ನು ಮುಂದಿಟ್ಟುಕೊಂಡು ತೂಗಿ ನೋಡುತ್ತಾರೆ. ನಿನ್ನ ಕೈಯಲ್ಲಿರುವುದು ಒಂದೇ ಪತ್ರ. ಬೆಲೆ ಕೇಳದೆ ಬಟ್ಟೆ ಹರಿಸಿಕೊಂಡ ಹಾಗೆ.

ನೆರವು ಸಾಲದಿದ್ದರೆ ಕರಾರಿನಿಂದ ಬಿಡಿಸಿಕೊಳ್ಳಬಹುದು. ಆದರೆ ಬೇರೆಡೆ ಹೆಚ್ಚು ಸಿಗುತ್ತಿತ್ತೇನೋ ಎಂಬ ಕಾರಣ ನಡೆಯದು. ಕಟ್ಟಲು ನಿಜಕ್ಕೂ ಆಗದು ಎಂದು ತೋರಿಸಬೇಕು. ಅದಕ್ಕೂ ಮೊದಲು ನೆರವಿಗೆ ಅರ್ಜಿ ಹಾಕಿರಬೇಕು. ಅಮೆರಿಕದ ಫೆಡರಲ್ ಸರ್ಕಾರದ ನೆರವಿನ ಅರ್ಜಿಯಾದ ಫ್ಯಾಫ್ಸಾ, ಹಲವು ಖಾಸಗಿ ಕಾಲೇಜುಗಳು ಕೇಳುವ ಸಿಎಸ್‌ಎಸ್ ಪ್ರೊಫೈಲ್ ಎರಡೂ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತವೆ. ಅರ್ಲಿ ಡಿಸಿಷನ್ ಹಾಕುವವರಿಗೆ ಕೊನೆಯ ದಿನಾಂಕ ಬಹಳ ಕಡೆ ನವೆಂಬರಿನಲ್ಲೇ.

ಇನ್ನು ಅಪ್ಪನಿಗೆ ಹೇಳು: ನೀವು ವಾಸವಿರುವ ಮನೆಯನ್ನು ಫ್ಯಾಫ್ಸಾ ಎಣಿಸುವುದಿಲ್ಲ, ಸಿಎಸ್‌ಎಸ್ ಬಳಸುವ ಅನೇಕ ಕಾಲೇಜುಗಳು ಎಣಿಸುತ್ತವೆ. ಮೈಸೂರಿನಲ್ಲಿ ಅವನ ಹೆಸರಿಗಿರುವ ಸೈಟನ್ನು ಎರಡರಲ್ಲೂ ತೋರಿಸಬೇಕು, ದೂರದಲ್ಲಿದೆ ಎಂದು ಬಿಡುವಂತಿಲ್ಲ. ನಿನ್ನ ತಮ್ಮನೂ ಕಾಲೇಜು ಸೇರಿದಾಗ ಭಾರ ಹಗುರವಾದೀತು ಎಂದು ಅಪ್ಪ ನಂಬಿರಬಹುದು. ಆದರೆ ಇಬ್ಬರು ಒಟ್ಟಿಗೆ ಓದುತ್ತಿದ್ದಾರೆಂಬ ರಿಯಾಯಿತಿ 2024-25ರಿಂದ ಫ್ಯಾಫ್ಸಾ ಲೆಕ್ಕದಲ್ಲಿಲ್ಲ. ಐವಿ ಲೀಗಿನ ಎಂಟು ವಿಶ್ವವಿದ್ಯಾಲಯಗಳಲ್ಲಿ ಅಂಕ ನೋಡಿ ಕೊಡುವ ವಿದ್ಯಾರ್ಥಿವೇತನವೂ ಇಲ್ಲ, ಮನೆಯ ಪರಿಸ್ಥಿತಿ ನೋಡಿ ಕೊಡುವುದಷ್ಟೇ.

ಎಚ್-4 ವೀಸಾದ ನಿನ್ನ ಗೆಳತಿಗೂ ಒಂದು ಮಾತು. ಅವಳಿಗೆ ಫೆಡರಲ್ ಸರ್ಕಾರದ ನೆರವು ಸಿಗದು. ಕಾಲೇಜು ತನ್ನ ಬೊಕ್ಕಸದಿಂದ ಕೊಡುತ್ತದೆಯೇ, ನೆರವು ಕೇಳಿದರೆ ಸೀಟಿಗೇ ತೊಡಕಾದೀತೇ ಎಂದು ಮೊದಲೇ ವಿಚಾರಿಸಲಿ.

ನೆರವು ಕಳೆದು ವರ್ಷಕ್ಕೆ ಎಷ್ಟು ಕಟ್ಟಬೇಕಾದೀತೆಂದು ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಫೆಡರಲ್ ನೆರವಿನ ವ್ಯವಸ್ಥೆಯಲ್ಲಿರುವ ಕಾಲೇಜುಗಳ ಜಾಲತಾಣದಲ್ಲಿ ಇರಬೇಕೆಂಬ ನಿಯಮ 2011ರಿಂದಲೇ ಇದೆ. ಈ ಭಾನುವಾರ ನೀನು, ಅಪ್ಪ, ಅಮ್ಮ ಮೂವರೂ ಕೂತು ಅದನ್ನು ತುಂಬಿ. ವರ್ಷಕ್ಕೆ ಎಷ್ಟು ಕಟ್ಟಬಲ್ಲೆವು ಎಂದು ಅಪ್ಪ ಬಾಯಿಬಿಟ್ಟು ಹೇಳಲಿ. ಓದು ನಾಲ್ಕು ವರ್ಷದ್ದು, ಹಾಗಾಗಿ ಎರಡೂ ಮೊತ್ತಗಳನ್ನು ನಾಲ್ಕರಿಂದ ಗುಣಿಸಿ. ಕ್ಯಾಲ್ಕುಲೇಟರಿನದು ಅಂದಾಜು ಮಾತ್ರ, ಅಪ್ಪನಿಗೆ ಸ್ವಂತ ವ್ಯವಹಾರದ ಆದಾಯವಿದ್ದರೆ ಇನ್ನೂ ತಪ್ಪೀತು. ಅನುಮಾನವಿದ್ದರೆ ಕಾಲೇಜಿನ ನೆರವಿನ ಕಚೇರಿಗೆ ಫೋನ್ ಮಾಡಿ ಕೇಳಿ, ನಾಚಿಕೆ ಬೇಡ.

ಕ್ಯಾಲ್ಕುಲೇಟರ್ ತೋರಿಸಿದ ಮೊತ್ತ ಅಪ್ಪ ಹೇಳಿದ್ದರೊಳಗೆ ಇದ್ದರೆ ಧೈರ್ಯವಾಗಿ ಸಹಿ ಹಾಕು. ಮೀರಿದರೆ, ಕರಾರಿಲ್ಲದ ಅರ್ಲಿ ಆಕ್ಷನ್ ಇರುವ ಕಾಲೇಜುಗಳಿಗೆ ಈಗ ಹಾಕು, ನೀನು ಆಸೆಪಟ್ಟ ಈ ಕಾಲೇಜಿಗೆ ಮಾಮೂಲಿ ಸುತ್ತಿನಲ್ಲಿ ಹಾಕು. ಸೀಟಿನ ಅವಕಾಶ ತುಸು ಕಡಿಮೆಯಾದೀತು. ಆದರೆ ಮನೆಯವರ ಮೇಲೆ ನಾಲ್ಕು ವರ್ಷದ ಸಾಲ ಹೊರಿಸಿ ಗೆಲ್ಲುವ ಸೀಟಿಗಿಂತ ಅದು ಮೇಲು.