ಗಿರಾಕಿ ಕೊಡುವ ಅಂಕ, ಮಾರುವವರ ಹೆಸರು



ಹೆಸರಿಗೂ ಬೆಲೆಗೂ ಇರುವ ನಂಟು ಅಡಿಕೆ ಬೆಳೆಯುವ ನಮಗೆ ಹೊಸ ಪಾಠವೇನೂ ಅಲ್ಲ. ಭೀಮಸಮುದ್ರದ ಮಂಡಿಯಲ್ಲಾಗಲಿ ಚಿತ್ರದುರ್ಗದ ಮಾರುಕಟ್ಟೆ ಪ್ರಾಂಗಣದಲ್ಲಾಗಲಿ ಖರೀದಿದಾರರು ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ರಾಶಿ ಅಡಿಕೆ ಅಂಗೈಯಲ್ಲಿ ಹರಡಿ, ಒಂದೆರಡನ್ನು ಕತ್ತರಿಸಿ ನೋಡಿ, ಆಮೇಲೆ ಕೇಳುವ ಮಾತು ಒಂದೇ: “ಇದು ಯಾರ ಮಾಲು?” ಚೀಲದ ಮೇಲೊಂದು ಕೆಳಗೊಂದು ತುಂಬುವವರು ಯಾರು, ಹದವಾಗಿ ಬೇಯಿಸಿ ಚೊಗರು ಕೂಡಿಸಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸುವವರು ಯಾರು ಎಂಬುದು ಅವರಿಗೆ ಬಾಯಿಪಾಠ. ಈ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಕ್ವಿಂಟಲಿಗೆ ಸಿಗುವ ದರದಲ್ಲಿ ಅದು ಪ್ರತಿ ವಾರವೂ ಕಾಣಿಸಿಕೊಳ್ಳುತ್ತದೆ.

ಈಗ ಆ ಲೆಕ್ಕವನ್ನು ಪುಸ್ತಕದಲ್ಲಿ ಬರೆದು ಲೋಕಕ್ಕೆಲ್ಲ ತೋರಿಸುವ ಪೇಟೆಯೊಂದು ಬಂದಿದೆ. ನಮ್ಮ ಸದಸ್ಯರಲ್ಲಿ ಕೆಲವರ ಮಕ್ಕಳು ಹಾಳೆ ತಟ್ಟೆ, ಕೊಬ್ಬರಿ ಎಣ್ಣೆ, ಕಾಫಿ ಪುಡಿ ಮುಂತಾದುವನ್ನು ಮನೆಯಲ್ಲೇ ತಯಾರಿಸಿ ಆನ್‌ಲೈನ್ ಪೇಟೆಯಲ್ಲಿ ಮಾರುತ್ತಿದ್ದಾರೆ. ಅಲ್ಲಿ ಕೊಂಡವರು ಒಂದರಿಂದ ಐದು ನಕ್ಷತ್ರದವರೆಗೆ ಅಂಕ ಕೊಡುತ್ತಾರೆ, ನಾಲ್ಕು ಸಾಲು ಬರೆಯುತ್ತಾರೆ, ಸರಕು ಕೆಟ್ಟಿದ್ದರೆ ಚಿತ್ರ ಸಮೇತ ಹಾಕುತ್ತಾರೆ. ಹೊಳಲ್ಕೆರೆ ಕಡೆಯ ಸದಸ್ಯರೊಬ್ಬರು ಒಂದು ಬೆಳಿಗ್ಗೆ ಸಂಘದ ಕಚೇರಿಗೆ ಬಂದು ಮೊಬೈಲನ್ನು ನಮ್ಮ ಮೇಜಿನ ಮೇಲಿಟ್ಟು, “ಸೆಕ್ರೆಟರಿಗಳೇ, ಇದನ್ನ ಅಳಿಸೋಕೆ ಯಾರಿಗೆ ಹೇಳ್ಬೇಕು?” ಎಂದರು. ಅವರ ಹಾಳೆ ತಟ್ಟೆಗೆ ನಾಲ್ಕು ಜನ ಐದೈದು ಅಂಕ ಕೊಟ್ಟಿದ್ದರು, ಐದನೆಯವರು ಒಂದು ಕೊಟ್ಟಿದ್ದರು. ತಟ್ಟೆಗೆ ಬೂಸ್ಟು ಹಿಡಿದಿತ್ತಂತೆ. ಮೂರು ವಾರದಿಂದ ಒಂದು ಆರ್ಡರೂ ಬಂದಿರಲಿಲ್ಲ. ತಟ್ಟೆ ಒತ್ತುವ ಯಂತ್ರಕ್ಕೆ ಬ್ಯಾಂಕಿನ ಸಾಲ ಮಾಡಿದ್ದರು. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದ. ಈ ಪಾಠವನ್ನು ಬರೆಯಲು ಅದೇ ಕಾರಣ.

ಮೊದಲು ಕೂಡಿಸುವ ಭಾಗಿಸುವ ಲೆಕ್ಕ ನೋಡೋಣ. ನಾಲ್ಕು ಐದು ಇಪ್ಪತ್ತು, ಅದಕ್ಕೊಂದು ಸೇರಿ 21. ಐವರಿಂದ ಭಾಗಿಸಿದರೆ ಸರಾಸರಿ 4.2. ಅದೇ ತಟ್ಟೆಯನ್ನು ದೊಡ್ಡ ಕಂಪನಿಯೊಂದು ಮಾರಿ, 99 ಜನರಿಂದ ಐದೈದು ಅಂಕ ಪಡೆದು, ನೂರನೆಯವರಿಂದ ಒಂದು ಪಡೆದಿದ್ದರೆ ಸರಾಸರಿ 4.96 ಆಗುತ್ತದೆ. ತಪ್ಪು ಒಂದೇ, ಪೆಟ್ಟು ಬೇರೆ. ನಮ್ಮ ಸದಸ್ಯರ ಅಂಕ ಪುನಃ 4.8ಕ್ಕೆ ಏರಬೇಕಾದರೆ ಇನ್ನು 15 ಜನ ಒಬ್ಬರ ಹಿಂದೊಬ್ಬರು ಐದೇ ಕೊಡಬೇಕು. ಹದಿನೈದು ಜನ ಕೊಂಡರೆ ಸಾಲದು, ಹದಿನೈದು ಜನ ಬರೆಯಬೇಕು. ಕೊಂಡವರಲ್ಲಿ ಬಹುಪಾಲು ಜನ ಏನನ್ನೂ ಬರೆಯುವುದಿಲ್ಲ. ಬಹಳ ಸಂತೋಷವಾದವರು, ಬಹಳ ಸಿಟ್ಟು ಬಂದವರು ಬರೆಯುತ್ತಾರೆ. “ಪರವಾಗಿಲ್ಲ” ಎನ್ನುವವರು ತಟ್ಟೆಯಲ್ಲಿ ಊಟ ಮಾಡಿ ಎದ್ದು ಹೋಗುತ್ತಾರೆ.

ಅಂಕದಿಂದ ಹಣದಲ್ಲಿ ಎಷ್ಟು ವ್ಯತ್ಯಾಸ ಬೀಳುತ್ತದೆ ಎಂಬುದನ್ನು ಪಂಡಿತರು ಅಳೆದು ನೋಡಿದ್ದಾರೆ. ಈ ಪದ್ಧತಿ ಬೆಳೆದದ್ದು ಅಮೆರಿಕದ ಈಬೇ ಎಂಬ ಹರಾಜು ಪೇಟೆಯಲ್ಲಿ. ಅದು 1995ರಲ್ಲಿ ಶುರುವಾಗಿ ಮರುವರ್ಷವೇ ಗಿರಾಕಿಗಳ ಅಭಿಪ್ರಾಯ ಬರೆಯುವ ಏರ್ಪಾಡು ಮಾಡಿತು. ಪಾಲ್ ರೆಸ್ನಿಕ್ ಮತ್ತು ಅವರ ಜೊತೆಗಾರರು ಅಲ್ಲಿ ಒಂದು ಪ್ರಯೋಗ ನಡೆಸಿ 2006ರಲ್ಲಿ ಪ್ರಕಟಿಸಿದರು. ಹಳೆಯ ಚಿತ್ರದ ಕಾರ್ಡುಗಳನ್ನು ಮಾರುವ, ಒಳ್ಳೆಯ ಹೆಸರು ಗಳಿಸಿದ್ದ ವ್ಯಾಪಾರಿಯೊಬ್ಬರು ಒಂದೇ ಬಗೆಯ ಕಾರ್ಡುಗಳ ಜೋಡಿಗಳಲ್ಲಿ ಒಂದನ್ನು ತಮ್ಮ ಹೆಸರಿನಲ್ಲೂ ಇನ್ನೊಂದನ್ನು ಯಾರಿಗೂ ಗೊತ್ತಿಲ್ಲದ ಹೊಸ ಹೆಸರಿನಲ್ಲೂ ಮಾರಾಟಕ್ಕಿಟ್ಟರು. ಸರಕು ಒಂದೇ, ಕಳಿಸುವ ಕೈ ಒಂದೇ. ಆದರೂ ಹಳೆಯ ಹೆಸರಿಗೆ ಗಿರಾಕಿಗಳು ಸುಮಾರು ಶೇ. 8ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ಮಂಡಿಯಲ್ಲಿ “ಯಾರ ಮಾಲು?” ಎಂದು ಕೇಳುವ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಕಂಡಿತು. ಹೊಸ ಹೆಸರಿನ ಮೇಲೆ ಒಂದೆರಡು ಕೆಟ್ಟ ಅಭಿಪ್ರಾಯ ಬಿದ್ದರೂ ಗಿರಾಕಿಗಳು ಕೊಡುವ ಬೆಲೆಯಲ್ಲಿ ಇಳಿತ ಕಾಣಲಿಲ್ಲ. ಹೊಸಬರನ್ನು ಜನ ಹೇಗೂ ಪೂರ್ತಿ ನಂಬಿರುವುದಿಲ್ಲ, ಆದ್ದರಿಂದ ಹೀಗಾಗಿರಬಹುದು ಎಂದು ನಮಗೆ ತೋರುತ್ತದೆ. ಆದರೆ ಅದೇ ಪೇಟೆಯ ಮಾರಾಟಗಾರರ ಕುರಿತು ಕಬ್ರಾಲ್ ಮತ್ತು ಹೊರ್ಟಾಚ್ಸು ಎಂಬಿಬ್ಬರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಎಚ್ಚರಿಕೆ ಕೊಡುತ್ತದೆ. ವಾರಕ್ಕೆ ಶೇ. 5ರಂತೆ ಏರುತ್ತಿದ್ದ ಮಾರಾಟ, ಮೊದಲ ಕೆಟ್ಟ ಅಭಿಪ್ರಾಯ ಬಿದ್ದ ಮೇಲೆ ವಾರಕ್ಕೆ ಶೇ. 8ರಂತೆ ಇಳಿಯತೊಡಗಿತು. ಒಂದು ಬಿದ್ದ ಮೇಲೆ ಮುಂದಿನವು ಬೇಗಬೇಗ ಬಂದವು. ಎರಡೂ ಅಧ್ಯಯನಗಳನ್ನು ಜೊತೆಗಿಟ್ಟು ಓದಿದರೆ ನಮಗನ್ನಿಸುವುದು ಇಷ್ಟು: ಮೊದಲ ಪೆಟ್ಟು ಬಿದ್ದಾಗ ಅಂಗಡಿ ಮುಚ್ಚುವ ಅಗತ್ಯವಿಲ್ಲ, ಹಾಗೆಂದು ಕೈಕಟ್ಟಿ ಕೂರುವುದೂ ಸಲ್ಲ.

ಗಿರಾಕಿ ಕಣ್ಣಿಂದ ನೋಡುವ ಅಂಕ ಒಂದಾದರೆ, ಪೇಟೆ ನಡೆಸುವವರ ಯಂತ್ರ ನೋಡುವ ಅಂಕ ಇನ್ನೊಂದು. “ಹಾಳೆ ತಟ್ಟೆ” ಎಂದು ಹುಡುಕಿದರೆ ನೂರಾರು ಮಾರಾಟಗಾರರು ಸಿಗುತ್ತಾರೆ. ಯಾರು ಮೊದಲ ಪುಟದಲ್ಲಿ, ಯಾರು ಹತ್ತನೆಯ ಪುಟದಲ್ಲಿ ಎಂಬುದನ್ನು ಯಂತ್ರ ತೀರ್ಮಾನಿಸುತ್ತದೆ. ಅದಕ್ಕೆ ಅಂಕವೂ ಒಂದು ಆಧಾರ. ಹತ್ತನೆಯ ಪುಟಕ್ಕೆ ಯಾರೂ ಹೋಗುವುದಿಲ್ಲ, ಸಂತೆಯ ಕೊನೆಯ ಮರದಡಿ ಕೂತವರ ಪಾಡು ಅದು. ಅಮೆಜಾನಿನಲ್ಲಂತೂ ದೋಷವುಳ್ಳ ಆರ್ಡರುಗಳ ಪ್ರಮಾಣ ಶೇ. 1ನ್ನು ಮುಟ್ಟಬಾರದೆಂಬ ಕಟ್ಟಳೆಯಿದೆ. ಮೀರಿದವರ ಖಾತೆ ನಿಲ್ಲಿಸುವ ಅಧಿಕಾರ ಅವರಿಗುಂಟು. ಸರಕಿಗೆ ಕೊಡುವ ಅಂಕ ಬೇರೆ, ಮಾರಾಟಗಾರನಿಗೆ ಕೊಡುವ ಅಂಕ ಬೇರೆ ಎಂಬುದನ್ನೂ ನೆನಪಿಡಬೇಕು. ಗಿರಾಕಿಗಳು ಎರಡನ್ನೂ ಬೆರೆಸಿ ಬರೆಯುತ್ತಾರೆ. ಸಾಗಿಸುವವರು ಪೊಟ್ಟಣ ಒದ್ದೆ ಮಾಡಿದ್ದಕ್ಕೆ ನಮ್ಮ ತಟ್ಟೆಗೆ ಒಂದು ನಕ್ಷತ್ರ ಬೀಳುವುದುಂಟು. ಇಂತಹ ಕಡೆ ಪೇಟೆಯವರಿಗೆ ದಾಖಲೆ ಸಮೇತ ಬರೆದು ಕೇಳಬಹುದು. ಕಳಿಸುವ ಮುನ್ನ ಪೊಟ್ಟಣದ ಚಿತ್ರ ತೆಗೆದಿಟ್ಟುಕೊಳ್ಳಿ ಎಂದು ನಾವು ಎಲ್ಲರಿಗೂ ಹೇಳುತ್ತಿರುವುದು ಇದಕ್ಕೇ.

ಸರಕು ಚೆನ್ನಾಗಿದ್ದೂ ಅಂಕ ಕಳೆದುಕೊಂಡ ಪ್ರಕರಣಗಳಿವೆ. ಹಿರಿಯೂರಿನ ಸದಸ್ಯರೊಬ್ಬರ ಗಾಣದ ಕೊಬ್ಬರಿ ಎಣ್ಣೆಗೆ ದೆಹಲಿಯ ಗಿರಾಕಿಯೊಬ್ಬರು ಚಳಿಗಾಲದಲ್ಲಿ “ಎಣ್ಣೆ ಗಟ್ಟಿಯಾಗಿದೆ, ಮೇಣ ಬೆರೆಸಿದ್ದಾರೆ” ಎಂದು ಬರೆದು ಒಂದು ಅಂಕ ಕೊಟ್ಟರು. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ಅದರ ಗುಣ. ನಮ್ಮ ಮನೆಯ ಮಕ್ಕಳಿಗೂ ತಿಳಿದ ವಿಷಯ, ಆದರೆ ಸಾಸಿವೆ ಎಣ್ಣೆಯ ಸೀಮೆಯವರಿಗೆ ಹೇಗೆ ತಿಳಿಯಬೇಕು? ಸೀಸೆಯ ಚೀಟಿಯ ಮೇಲೆ ಒಂದು ಸಾಲು ಬರೆದಿದ್ದರೆ ಆ ಅಂಕ ಉಳಿಯುತ್ತಿತ್ತು. ಕಾಫಿಯದೂ ಅದೇ ಕಥೆ. ತರೀಕೆರೆ ಕಡೆ ತೋಟವಿರುವ ನಮ್ಮ ಕೆಲವರು ಪುಡಿ ಮಾರುತ್ತಾರೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ. 51ಕ್ಕೆ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ಹಾಕಬೇಕು ಎಂಬುದು ಕಾನೂನು. ಆದರೆ ಅಚ್ಚ ಕಾಫಿ ಕೊಂಡವರು ಡಿಕಾಕ್ಷನ್ ತೆಳುವಾಯಿತೆಂದೂ, ಚಿಕೋರಿ ಪುಡಿ ಕೊಂಡವರು ಕಾಫಿಯ ಘಮವಿಲ್ಲವೆಂದೂ ಬರೆಯುತ್ತಾರೆ. ಯಾವುದು ಹೇಗಿರುತ್ತದೆಂದು ಕೊಳ್ಳುವ ಮೊದಲೇ ತಿಳಿಯುವಂತೆ ದೊಡ್ಡ ಅಕ್ಷರದಲ್ಲಿ ಹೇಳುವುದು ಮಾರುವವರ ಕೆಲಸ.

ಇನ್ನು ಅಡ್ಡದಾರಿಯ ವಿಷಯ. ಹೊಳಲ್ಕೆರೆಯ ಸದಸ್ಯರಿಗೆ ಅವರ ಭಾವಮೈದುನ ಹೇಳಿದ ಉಪಾಯ ಸುಲಭದ್ದು: ನೆಂಟರಿಷ್ಟರಿಂದ ಹದಿನೈದು ಆರ್ಡರು ಮಾಡಿಸಿ ಐದೈದು ಅಂಕ ಹಾಕಿಸಿಬಿಡುವುದು. ಮದುವೆಯ ಮುಯ್ಯಿಯಂತೆ, ಇವತ್ತು ಅವರದು ನಾಳೆ ನಮ್ಮದು! ಈಬೇಯಲ್ಲೂ ಮೊದಲು ಕೊಂಡವರಿಗೆ ಮಾರುವವರು, ಮಾರಿದವರಿಗೆ ಕೊಳ್ಳುವವರು ಅಂಕ ಕೊಡುತ್ತಿದ್ದರು. ತಮಗೂ ಕೆಟ್ಟದು ಬೀಳುತ್ತದೆಂಬ ಭಯದಿಂದ ಯಾರೂ ನಿಜ ಬರೆಯದಂತಾಗಿ, ಮಾರುವವರು ಕೊಳ್ಳುವವರಿಗೆ ಕೆಟ್ಟ ಅಂಕ ಕೊಡುವುದನ್ನು 2008ರಲ್ಲಿ ನಿಲ್ಲಿಸಬೇಕಾಯಿತು. ನಮ್ಮ ದೇಶದಲ್ಲಿ 2020ರ ಜುಲೈ 23ರಂದು ಹೊರಬಿದ್ದ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರು ತಾವೇ ಗ್ರಾಹಕರಂತೆ ನಟಿಸಿ ಅಭಿಪ್ರಾಯ ಬರೆಯಕೂಡದು. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನು ಈ ಅಭಿಪ್ರಾಯಗಳಿಗೆಂದೇ ಹೊರಡಿಸಿತು. ಬರೆದವರು ನಿಜವಾದ ವ್ಯಕ್ತಿಗಳೇ ಎಂದು ಪರಿಶೀಲಿಸುವ ಕ್ರಮ ಅದರಲ್ಲಿದೆ. ನಾವು ಆ ಸದಸ್ಯರಿಗೆ ಕಾನೂನಿನ ಮಾತಿಗಿಂತ ಮುಂಚೆ ಮಂಡಿಯ ಮಾತನ್ನೇ ನೆನಪಿಸಿದೆವು. ಅಡಿಕೆಗೆ ಕೃತಕ ಬಣ್ಣ ಹಾಕಿದವರಿಂದ ಬಣ್ಣ ಹಾಕದವರ ದರವೂ ಬೀಳುವುದಿಲ್ಲವೇ? ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಉದಾಹರಿಸಿ ಇದನ್ನೇ ಬರೆದರು. ಒಳ್ಳೆಯದು ಯಾವುದು ಕೆಟ್ಟದು ಯಾವುದು ಎಂದು ಕೊಳ್ಳುವವರಿಗೆ ತಿಳಿಯದಿದ್ದರೆ ಅವರು ನಡುವಿನ ಬೆಲೆ ಕಟ್ಟುತ್ತಾರೆ. ಆ ಬೆಲೆಗೆ ಒಳ್ಳೆಯ ಸರಕಿನವರು ಮಾರಲಾರದೆ ಹಿಂದೆ ಸರಿಯುತ್ತಾರೆ, ಪೇಟೆಯಲ್ಲಿ ಕೆಟ್ಟದ್ದೇ ಉಳಿಯುತ್ತದೆ. 2001ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ಬಂತು.

ಹಾಗಾದರೆ ಆ ಒಂದು ಅಂಕಕ್ಕೆ ಮಾಡುವುದೇನು? ನಾವು ಆ ಸದಸ್ಯರೊಡನೆ ಕೂತು ಬೂಸ್ಟಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆವು. ಬರೆದದ್ದು ಸುಳ್ಳಲ್ಲ. ಆ ಹಾಳೆ ಮಳೆ ಬಿದ್ದ ಮೇಲೆ ಆರಿಸಿದ್ದು, ಪೂರ್ತಿ ಒಣಗದೆ ಒತ್ತಿದ್ದು. ಅವರು ಅದೇ ಪುಟದಲ್ಲಿ ಗಿರಾಕಿಗೆ ಉತ್ತರ ಬರೆದರು: ತಪ್ಪಾಗಿದೆ, ಹಾಳೆ ಒದ್ದೆಯಿತ್ತು, ಬೇರೆ ಕಟ್ಟು ಕಳಿಸುತ್ತೇವೆ. ವಾದ ಮಾಡಲಿಲ್ಲ, ಅಂಕ ಬದಲಿಸಿ ಎಂದು ಕೇಳಲೂ ಇಲ್ಲ. ಮೇಲೆ ಹೇಳಿದ ನಿಯಮಗಳಲ್ಲಿ ಮಾರಾಟಗಾರರು ದೂರು ಬಂದ 48 ಗಂಟೆಯೊಳಗೆ ತಲುಪಿತೆಂದು ತಿಳಿಸಿ, ತಿಂಗಳೊಳಗೆ ಪರಿಹರಿಸಬೇಕೆಂದಿದೆ. ನಮ್ಮವರು ಹಲವರು ದೂರನ್ನು ನೋಡುವುದೇ ವಾರ ಕಳೆದ ಮೇಲೆ. ಆ ಗಿರಾಕಿ ಹೊಸ ಕಟ್ಟು ಪಡೆದರು, ಆದರೆ ಒಂದನ್ನು ಒಂದಾಗಿಯೇ ಬಿಟ್ಟರು. ನಮ್ಮ ಸದಸ್ಯರಿಗೆ ಇದರಿಂದ ಬೇಸರವಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಉತ್ತರ ಅಲ್ಲೇ ಇದೆ, ಬಂದವರೆಲ್ಲ ಓದುತ್ತಾರೆ. ಆರ್ಡರು ನಿಧಾನವಾಗಿ ಮತ್ತೆ ಬಂದವು. ಹೋದ ವಾರ ಕಚೇರಿಗೆ ಬಂದಾಗ ಒಂಬತ್ತು ಹೊಸ ಐದುಗಳಾಗಿ ಸರಾಸರಿ 4.7ಕ್ಕೆ ಏರಿತ್ತು. ಮಗ ಸದ್ಯಕ್ಕೆ ಊರಿನಲ್ಲೇ ಇದ್ದಾನೆ.

ಈಗ ಆಡಳಿತ ಮಂಡಳಿಯ ಮುಂದಿರುವ ಪ್ರಶ್ನೆಗೆ ಬರೋಣ. ಒಬ್ಬೊಬ್ಬರೇ ಮಾರಿದರೆ ಐದು ಅಭಿಪ್ರಾಯದಲ್ಲಿ ಒಂದು ಕೆಟ್ಟರೂ ಬೀಳುತ್ತೇವೆ. ಸಂಘದ ಒಂದೇ ಹೆಸರಿನಲ್ಲಿ ಮಾರಿದರೆ ಅಂಕಗಳೆಲ್ಲ ಒಂದೆಡೆ ಕೂಡಿ, ಒಬ್ಬರ ಪೆಟ್ಟನ್ನು ನೂರು ಜನ ಹೊರುತ್ತಾರೆ. ಶಿವಮೊಗ್ಗದ ಮ್ಯಾಮ್‌ಕೋಸ್ 1939ರಿಂದಲೂ, ಮಂಗಳೂರಿನ ಕ್ಯಾಂಪ್ಕೋ 1973ರಿಂದಲೂ ಬೆಳೆಗಾರರ ಮಾಲನ್ನು ಒಂದು ಹೆಸರಿನ ಕೆಳಗೆ ತಂದದ್ದರ ಬಲ ಇದೇ. ಆದರೆ ಹೊಸದುರ್ಗದ ನಿರ್ದೇಶಕರೊಬ್ಬರು ಸಭೆಯಲ್ಲಿ ಎತ್ತಿದ ಮಾತು ನಿಜ: “ನಾನು ಹಾಳೆ ಒಣಗಿಸಿ ಸಾಯೋದು, ಇನ್ನೊಬ್ರು ಹಸಿ ಹಾಳೆ ಹಾಕಿ ನನ್ನ ನಕ್ಷತ್ರ ತಿನ್ನೋದು, ಇದು ಯಾವ ನ್ಯಾಯ?” ಹೆಸರು ಎಲ್ಲರದಾದಾಗ ಅದನ್ನು ಕಾಯುವವರು ಯಾರೂ ಇಲ್ಲದಂತಾಗುವ ಭಯ ನಮಗೂ ಇದೆ. ಆದ್ದರಿಂದ ಹೊರಗೆ ಒಂದೇ ಹೆಸರು, ಒಳಗೆ ಪ್ರತಿ ಕಟ್ಟಿಗೂ ಸದಸ್ಯರ ಸಂಖ್ಯೆ ಎಂದು ತೀರ್ಮಾನವಾಯಿತು. ದೂರು ಬಂದ ಕಟ್ಟು ಯಾರದೆಂದು ಪತ್ತೆ ಹಚ್ಚಿ, ಬದಲಿ ಕಟ್ಟಿನ ಖರ್ಚನ್ನು ಅವರ ಖಾತೆಗೇ ಬರೆಯಲಾಗುವುದು. ಎರಡನೆಯ ಸಲವಾದರೆ ಆ ಹಂಗಾಮಿಗೆ ಅವರ ಮಾಲು ತೆಗೆದುಕೊಳ್ಳುವುದಿಲ್ಲ. ಇದು ಕಠಿಣವೆಂದು ಇಬ್ಬರು ನಿರ್ದೇಶಕರು ಭಿನ್ನಾಭಿಪ್ರಾಯ ಬರೆಸಿದ್ದಾರೆ. ವಾರ್ಷಿಕ ಸಭೆಯಲ್ಲಿ ತಾವು ಮಾತನಾಡಬಹುದು.

ಹಾಳೆಯನ್ನು ಮಳೆ ಹಿಡಿಯುವ ಮೊದಲು ಆರಿಸಿ, ನೆಲಕ್ಕೆ ತಾಗದಂತೆ ಒಣಗಿಸಿ, ಗಾಳಿಯಾಡುವ ಕಡೆ ನಿಲ್ಲಿಸಿಡಬೇಕು. ಕಪ್ಪು ಚುಕ್ಕೆ ಬಿದ್ದ ಹಾಳೆಯನ್ನು ತಟ್ಟೆಗೆ ತರಬೇಡಿ, ಗೊಬ್ಬರದ ಗುಂಡಿಗೆ ಹಾಕಿ. ತಟ್ಟೆ ಒತ್ತಿದ ಮೇಲೆ ಒಂದು ದಿನವಾದರೂ ಬಿಸಿಲು ಕಾಣಿಸಿ ಕಟ್ಟು ಕಟ್ಟಿ. ಸಂಘಕ್ಕೆ ತರುವವರು ಕಟ್ಟಿನ ಮೇಲೆ ಸದಸ್ಯ ಸಂಖ್ಯೆಯನ್ನೂ ಒತ್ತಿದ ದಿನಾಂಕವನ್ನೂ ಅಳಿಸದ ಮಸಿಯಲ್ಲಿ ಬರೆದಿರಬೇಕು. ಬರೆಯದ ಕಟ್ಟನ್ನು ಗೋದಾಮಿನಲ್ಲಿ ಇಳಿಸಿಕೊಳ್ಳುವುದಿಲ್ಲ.