ಪುಟ್ಟಿಯ ಮೊದಲ ಬೈಕಿಗೆ

ಮೆಲ್ಬರ್ನ್

ಪುಟ್ಟಿ,

ಎರಡು ದಿನದ ಕೋರ್ಸ್ ಮುಗಿದು ಎಲ್ ಪರ್ಮಿಟ್ ಕೈಗೆ ಬಂತು ಅಂತ ನೀನು ಬರೆದದ್ದನ್ನು ಓದಿ ಬಹಳ ಸಂತೋಷವಾಯಿತು. ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ನನ್ನ ನಂತರ ಗೇರಿನ ಬೈಕು ಹತ್ತುತ್ತಿರುವವಳು ನೀನೇ. ಅದಕ್ಕೇ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸದೆ ಕೂತು ಬರೆಯುತ್ತಿದ್ದೇನೆ.

ಮೂರು ಹೆಸರು ಕಳಿಸಿದ್ದೀಯ: ಯಮಹಾ ಎಂಟಿ-07, ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650, ಕೆಟಿಎಂ 390 ಡ್ಯೂಕ್. ಮೂರೂ ಲ್ಯಾಮ್ಸ್ ಪಟ್ಟಿಯಲ್ಲಿ, ಅಂದರೆ ಕಲಿಯುವವರಿಗೆ ಅನುಮತಿಸಿದ ಬೈಕುಗಳ ಪಟ್ಟಿಯಲ್ಲಿವೆ, ಅಂದಮೇಲೆ ಮೂರೂ ಕಲಿಯುವವರಿಗೆ ಸರಿಹೊಂದುವ ಗಾಡಿಗಳೇ ಎಂಬುದು ನಿನ್ನ ಲೆಕ್ಕ. ನನಗೆ ತಕರಾರಿರುವುದು ಆ ಲೆಕ್ಕದ ಮೇಲೆಯೇ.

ಆ ಪಟ್ಟಿ ಹೇಗೆ ಹುಟ್ಟಿತು ಅಂತ ಮೊದಲು ತಿಳಿದುಕೋ. ಹಿಂದೆ ಇಲ್ಲಿ ಕಲಿಯುವವರಿಗೆ ಇದ್ದದ್ದು ಸಿಸಿಯ ಮಿತಿ: 260 ಸಿಸಿ ದಾಟಬಾರದು, ಅಷ್ಟೆ. ನಿಮ್ಮಪ್ಪ ಓಡಿಸುತ್ತಿದ್ದ ಮೈಸೂರಿನ ಯೆಜ್ಡಿ ರೋಡ್‌ಕಿಂಗ್ ನೆನಪಿದೆಯಲ್ಲ, ಅದೂ 250 ಸಿಸಿಯ ಟೂ-ಸ್ಟ್ರೋಕ್. ಸುಝುಕಿ ಆರ್‌ಜಿವಿ 250 ಕೂಡ 250 ಸಿಸಿಯ ಟೂ-ಸ್ಟ್ರೋಕೇ. ಆದರೆ ಅದರ ಶಕ್ತಿ ಯೆಜ್ಡಿಯ ಮೂರು ಪಟ್ಟಿಗಿಂತ ಹೆಚ್ಚು. ರೇಸ್ ಬೈಕುಗಳ ಮಾದರಿಯಲ್ಲಿ ಹದಮಾಡಿದ ಎಂಜಿನ್. ಸಿಸಿಯೊಂದನ್ನೇ ಅಳೆಯುವ ಕಾನೂನಿಗೆ ಎರಡೂ ಒಂದೇ. ಇನ್ನೊಂದು ಕಡೆ, ಯಾರಿಗೂ ಗಾಬರಿ ಹುಟ್ಟಿಸದ ನಿಧಾನದ 400 ಸಿಸಿ ಗಾಡಿ ಕಲಿಯುವವರ ಕೈಗೆ ಸಿಗುತ್ತಿರಲಿಲ್ಲ. ಈ ಅಸಂಬದ್ಧವನ್ನು ಸರಿಪಡಿಸಲು ಬಂದದ್ದು ಲ್ಯಾಮ್ಸ್. ನಮ್ಮ ವಿಕ್ಟೋರಿಯಾದಲ್ಲಿ 2008ರ ಜುಲೈನಿಂದ ಜಾರಿಯಲ್ಲಿದೆ. ಎಂಜಿನ್ 660 ಸಿಸಿಯೊಳಗೆ ಇರಬೇಕು, ಶಕ್ತಿ-ತೂಕದ ಅನುಪಾತ ಟನ್ನಿಗೆ 150 ಕಿಲೋವ್ಯಾಟ್ ಮೀರಬಾರದು. ತೂಕ ಅಂದರೆ ಬೈಕಿನದ್ದರ ಜೊತೆಗೆ ಸವಾರನಿಗೂ ಉಡುಪಿಗೂ ಸೇರಿಸಿ 90 ಕೆಜಿ. ಒಳ್ಳೆಯ ನಿಯಮ, ನಾನು ಮನಸಾರೆ ಒಪ್ಪುತ್ತೇನೆ. ಆರ್‌ಜಿವಿಯಂಥವು ಹೊರಗೆ ಹೋದವು, ಸೌಮ್ಯವಾದ ದೊಡ್ಡ ಗಾಡಿಗಳು ಒಳಗೆ ಬಂದವು.

ಈಗ ಪೆನ್ನು ತಗೊಂಡು ನೀನೇ ಲೆಕ್ಕ ಹಾಕಿ ನೋಡು. ಇಂಟರ್‌ಸೆಪ್ಟರ್‌ನ ಶಕ್ತಿ ಸುಮಾರು 35 ಕಿಲೋವ್ಯಾಟ್, ಪೆಟ್ರೋಲ್ ತುಂಬುವ ಮೊದಲೇ ತೂಕ 202 ಕೆಜಿ. ಸವಾರನ 90 ಸೇರಿಸಿ ಭಾಗಿಸಿದರೆ ಟನ್ನಿಗೆ 120ರ ಆಸುಪಾಸು ಬರುತ್ತದೆ. ಕವಾಸಾಕಿ ನಿಂಜಾ 400ರ ಶಕ್ತಿ ಸುಮಾರು 33 ಕಿಲೋವ್ಯಾಟ್, ಪೆಟ್ರೋಲ್ ಸೇರಿಯೇ ತೂಕ 168 ಕೆಜಿ. ಅದಕ್ಕೆ 128ರ ಹತ್ತಿರ ಬರುತ್ತದೆ. ಅಂದರೆ ಈ ಸೂತ್ರದ ಕಣ್ಣಿಗೆ ಇಂಟರ್‌ಸೆಪ್ಟರ್ ನಿಂಜಾಕ್ಕಿಂತ ಸಾಧು! ಯಾಕೆ ಗೊತ್ತಾಯಿತೇ? ತೂಕ ಕೂತಿರುವುದು ಭಾಜಕದಲ್ಲಿ. ಗಾಡಿ ಭಾರವಾದಷ್ಟೂ ಪಟ್ಟಿಯೊಳಗೆ ಸುಲಭವಾಗಿ ಸೇರುತ್ತದೆ. ಸೂತ್ರಕ್ಕೆ ಗೊತ್ತಿರುವುದು ಗಾಡಿ ಎಷ್ಟು ರಭಸದಿಂದ ಮುನ್ನುಗ್ಗೀತು ಎನ್ನುವುದಷ್ಟೆ. ಸಿಗ್ನಲ್ಲಿನಲ್ಲಿ ನಿಂತಾಗ ಅದು ಎಡಕ್ಕೆ ವಾಲಿದರೆ ನಿನ್ನ ಒಂದು ಕಾಲು ತಡೆದೀತೇ ಎನ್ನುವುದು ಅದಕ್ಕೆ ಗೊತ್ತಿಲ್ಲ.

ಹೊಸಬರು ಗಾಡಿ ಬೀಳಿಸುವುದು ಹೆಚ್ಚಾಗಿ ವೇಗದಲ್ಲಲ್ಲ. ನಿಲ್ಲಿಸುವಾಗ, ಯು-ಟರ್ನ್ ತಿರುಗಿಸುವಾಗ, ಇಳಿಜಾರಿನ ಪಾರ್ಕಿಂಗಿನಿಂದ ಹಿಂದಕ್ಕೆ ತಳ್ಳುವಾಗ. ಮೆಲ್ಬರ್ನಿನಲ್ಲಿ ಬೈಕನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಲು ಅವಕಾಶವಿದೆ, ಅದು ನಮಗೆ ದೊಡ್ಡ ಅನುಕೂಲ. ಆದರೆ ಆ ಅಂಚು ಹತ್ತಿಸಿ ಇಳಿಸುವವಳು ನೀನೇ ತಾನೆ? ಟ್ರಾಮ್ ಹಳಿಗಳನ್ನೂ ಮರೆಯಬೇಡ. ಮಳೆಯಲ್ಲಿ ನೆನೆದ ಉಕ್ಕು ಟೈರಿಗೆ ಹಿಡಿತವನ್ನೇ ಕೊಡುವುದಿಲ್ಲ. ಹಳಿಯನ್ನು ಆದಷ್ಟು ಅಡ್ಡಕ್ಕೆ, ನೆಟ್ಟಗೆ ದಾಟಬೇಕು, ದಾಟುವಾಗ ಬ್ರೇಕನ್ನೂ ಆಕ್ಸಿಲರೇಟರನ್ನೂ ಕೆಣಕಬಾರದು. ಸ್ವಲ್ಪ ಜಾರಿದರೂ ಹಗುರವಾದ ಬೈಕನ್ನು ಸಾವರಿಸಿಕೊಳ್ಳಬಹುದು. ಇನ್ನೂರು ಕೆಜಿಯದು ಒಮ್ಮೆ ವಾಲಿತೆಂದರೆ ನಿನ್ನಿಂದಾಗಲಿ ನನ್ನಿಂದಾಗಲಿ ಹಿಡಿದು ನಿಲ್ಲಿಸಲಾಗದು.

ನೀನು ದಾವಣಗೆರೆಯಲ್ಲಿ ಸ್ಕೂಟಿ ಓಡಿಸಿದವಳು. ರಸ್ತೆಯ ಅಂದಾಜು, ಅಡ್ಡ ಬರುವವರನ್ನು ಮೊದಲೇ ಗುರುತಿಸುವ ಕಣ್ಣು ನಿನಗೆ ಆಗಲೇ ಇದೆ, ಅದು ದೊಡ್ಡ ಆಸ್ತಿ. ಇಲ್ಲದಿರುವುದು ಎಡಗೈಯ ಕ್ಲಚ್ಚು, ಬಲಗಾಲಿನ ಬ್ರೇಕು. ಈ ಎರಡೂ ಯೋಚಿಸದೆ ತಾವಾಗಿಯೇ ಆಗುವ ತನಕ ನಿನ್ನ ಗಮನವೆಲ್ಲ ಅಲ್ಲೇ ಖರ್ಚಾಗುತ್ತದೆ. ತೂಕದ ಚಿಂತೆ, ನೆಲ ಮುಟ್ಟದ ಕಾಲಿನ ಚಿಂತೆ ಅದರ ಮೇಲೆ ಬೀಳುವುದು ಬೇಡ.

ಹಾಗಾಗಿ ನಿನ್ನ ಮೂರರ ಬಗ್ಗೆ ನನ್ನ ಅಭಿಪ್ರಾಯ. ಎಂಟಿ-07 ಬೇಡ. ಪಟ್ಟಿಯಲ್ಲಿರುವುದು ಅದರ 655 ಸಿಸಿಯ, ಶಕ್ತಿ ತಗ್ಗಿಸಿದ ಮಾದರಿ ಮಾತ್ರ. ಹೊರಗಿನಿಂದ ನೋಡಿದರೆ ಪೂರ್ಣಶಕ್ತಿಯದ್ದೂ ಅದೂ ಒಂದೇ ತರ. ಹಳೆಯದು ಕೊಳ್ಳುವಾಗ ಹಿಂದಿನ ಮಾಲೀಕ ಆ ಕಡಿವಾಣ ಬಿಚ್ಚಿಸಿದ್ದರೆ ನೀನು ಓಡಿಸುವುದು ಕಾನೂನುಬಾಹಿರ. ಅಪಘಾತವಾದಾಗ ವಿಮೆಯವರು ಕೈಬಿಟ್ಟರೆ ಕೇಳುವವರಿಲ್ಲ. ಇಂಟರ್‌ಸೆಪ್ಟರ್ ಮುದ್ದಾದ ಬೈಕು, ಚೆನ್ನೈ ಪಕ್ಕದಲ್ಲಿ ತಯಾರಾದದ್ದು ಇಲ್ಲಿನ ರಸ್ತೆಯಲ್ಲಿ ಕಂಡಾಗ ನನಗೂ ಹೆಮ್ಮೆಯಾಗುತ್ತದೆ. ಅದು ನಿನ್ನ ಎರಡನೆಯ ಬೈಕಾಗಲಿ. ಡ್ಯೂಕ್ ಹಗುರವಾಗಿದೆ, ಸರಿ. ಆದರೆ ಹಳೆಯ 373 ಸಿಸಿ ಮಾದರಿಯ ಸೀಟು 830 ಮಿಲಿಮೀಟರ್ ಎತ್ತರ. ನಿನಗೆ ತುದಿಬೆರಳಷ್ಟೇ ನೆಲಕ್ಕೆ ತಾಕೀತು. ಅದರ ಆಕ್ಸಿಲರೇಟರೂ ಚುರುಕು, ಅಳುಕುವ ಕೈಗೆ ಗಾಡಿ ಎಳೆದಾಡುತ್ತದೆ.

ನೋಡಬೇಕಾದ್ದು 300ರಿಂದ 400 ಸಿಸಿಯ, 170 ಕೆಜಿ ಆಸುಪಾಸಿನ ಗಾಡಿಗಳನ್ನು. ಯಮಹಾ ಎಂಟಿ-03 ನನ್ನ ಮೊದಲ ಆಯ್ಕೆ: 321 ಸಿಸಿ, 168 ಕೆಜಿ, ಸೀಟು 780 ಮಿಲಿಮೀಟರ್, ನೆಟ್ಟಗೆ ಕೂರುವ ಹ್ಯಾಂಡಲ್. ನಿಂಜಾ 400 ಕೂಡ ಅಷ್ಟೇ ಒಳ್ಳೆಯದು, ಸ್ವಲ್ಪ ಮುಂದಕ್ಕೆ ಬಾಗಿ ಕೂರಬೇಕು. ಟ್ರಯಂಫ್ ಸ್ಪೀಡ್ 400 ಪುಣೆಯ ಬಜಾಜ್ ತಯಾರಿಸುವುದು, 790ರ ಸೀಟು, ಅದನ್ನೂ ಒಮ್ಮೆ ಹತ್ತಿ ನೋಡು. ಕಾಲು ಎರಡೂ ಪೂರ್ತಿ ನೆಲಕ್ಕೆ ಊರಲೇಬೇಕು ಅನ್ನಿಸಿದರೆ ಹೋಂಡಾ ರೆಬೆಲ್ 500ರ ಸೀಟು 690 ಮಾತ್ರ. 190 ಕೆಜಿ ಇದ್ದರೂ ಭಾರವೆಲ್ಲ ತಳದಲ್ಲಿದೆ. ಎನ್‌ಫೀಲ್ಡೇ ಬೇಕೆಂದು ಮನಸ್ಸು ಹಟಹಿಡಿದರೆ ಹಂಟರ್ 350. ಆದರೆ ನೀನು ಟಾರ್ನಿಟ್‌ನಿಂದ ಊರೊಳಗೆ ಬರುವುದು ಫ್ರೀವೇಯಲ್ಲಿ, 100 ಕಿಲೋಮೀಟರ್ ವೇಗದಲ್ಲಿ. ಅಲ್ಲಿ ಹಂಟರ್ ಓಡುತ್ತದೆ, ಆದರೆ ಲಾರಿ ದಾಟಬೇಕಾದಾಗ ಕೈಯಲ್ಲಿ ಹೆಚ್ಚು ಉಳಿದಿರುವುದಿಲ್ಲ. ಇದೇ ಕಾರಣಕ್ಕೆ 125 ಸಿಸಿಯನ್ನೂ ನಾನು ಹೇಳುವುದಿಲ್ಲ. ವೆಸ್ಟ್‌ಗೇಟ್ ಸೇತುವೆಯ ಮೇಲೆ ಅಡ್ಡಗಾಳಿ ಬೀಸುವಾಗ ತೀರಾ ಹಗುರದ ಗಾಡಿಯೂ ಹಿತವಲ್ಲ.

"ಲೈಸೆನ್ಸ್ ಬಂದ ಮೇಲೂ ಮೂರು ವರ್ಷ ಲ್ಯಾಮ್ಸ್‌ನಲ್ಲೇ ಇರಬೇಕಲ್ಲ, ಅದಕ್ಕೆ ಈಗಲೇ ದೊಡ್ಡದು ಕೊಳ್ಳೋಣ" ಅಂದಿದ್ದೀಯ. ಮೊದಲ ಬೈಕನ್ನು ಮೊದಲ ವರ್ಷಕ್ಕೆ ಕೊಳ್ಳು. ಚಿಕ್ಕ ಲ್ಯಾಮ್ಸ್ ಗಾಡಿಗಳಿಗೆ ಪ್ರತಿವರ್ಷ ಹೊಸ ಎಲ್ ಫಲಕದವರು ಬರುತ್ತಲೇ ಇರುತ್ತಾರೆ, ಮಾರುವುದು ಕಷ್ಟವಲ್ಲ. ಇಲ್ಲಿ 500 ಸಿಸಿ ದಾಟಿದರೆ ನೋಂದಣಿಯ ಖರ್ಚೂ ಏರುತ್ತದೆ. ಉಳಿದ ಹಣ ಮೈಮೇಲೆ ಹಾಕು. ಜಾಕೆಟ್, ಪ್ಯಾಂಟು, ಕೈಗವಸು ಕೊಳ್ಳುವ ಮುನ್ನ ಮೋಟೋಕ್ಯಾಪ್‌ನವರು ಅವುಗಳಿಗೆ ಕೊಟ್ಟಿರುವ ನಕ್ಷತ್ರ ನೋಡು; 2018ರಿಂದ ಅವರು ಉಡುಪುಗಳನ್ನು ಪ್ರಯೋಗಾಲಯದಲ್ಲಿ ಉಜ್ಜಿ, ಹರಿದು ಪರೀಕ್ಷಿಸಿ ಅಂಕ ಕೊಡುತ್ತಿದ್ದಾರೆ. ಬೆಲೆ ಹೆಚ್ಚಿದ್ದೆಲ್ಲ ಗಟ್ಟಿಯಲ್ಲ ಅನ್ನುವುದು ಅಲ್ಲಿ ಕಾಣುತ್ತದೆ. ಕಣಕಾಲು ಮುಚ್ಚುವ ಬೂಟು ಇಲ್ಲದೆ ಬೈಕು ಹತ್ತಬೇಡ.

ಎಲ್ ಇರುವಷ್ಟು ದಿನ ಹಿಂದೆ ಯಾರನ್ನೂ ಕೂರಿಸುವಂತಿಲ್ಲ, ಕುಡಿದ ಒಂದು ಹನಿಯೂ ರಕ್ತದಲ್ಲಿರುವಂತಿಲ್ಲ, ಎದ್ದುಕಾಣುವ ವೆಸ್ಟ್ ತೊಡಬೇಕು. ನಿಂತ ಕಾರುಗಳ ನಡುವೆ ನುಸುಳಿ ಮುಂದೆ ಹೋಗುವುದು ಇಲ್ಲಿ ಲೈಸೆನ್ಸ್ ಇರುವವರಿಗೆ 30 ಕಿಲೋಮೀಟರ್ ವೇಗದವರೆಗೆ ಸರಿ, ನಿನಗೆ ಇನ್ನೂ ಇಲ್ಲ. ಊರಿನ ಅಭ್ಯಾಸ ಕೈಗೆ ಬಂದೀತು, ಅದಕ್ಕೆ ಇದೊಂದನ್ನು ಮಾತ್ರ ಒತ್ತಿ ಹೇಳುತ್ತಿದ್ದೇನೆ.

ಹಳೆಯ ಗಾಡಿ ಕೊಳ್ಳುವುದಾದರೆ ಎಬಿಎಸ್ ಇರುವುದನ್ನೇ ಹುಡುಕು. 125 ಸಿಸಿಗೆ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ ಅದು ಇಲ್ಲಿ ಕಡ್ಡಾಯವಾದದ್ದು 2021ರ ನವೆಂಬರಿನಿಂದ, ಅದಕ್ಕಿಂತ ಹಿಂದಿನವುಗಳಲ್ಲಿ ಇರಬಹುದು, ಇಲ್ಲದಿರಬಹುದು. ಹೊಸಬರು ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಸುಕುತ್ತಾರೆ. ಆಗ ಚಕ್ರ ಕಚ್ಚಿ ನಿಂತು ಜಾರದಂತೆ ಕಾಯುವುದು ಈ ಎಬಿಎಸ್ಸೇ. ಎರಡು ಡಾಲರ್ ಕೊಟ್ಟು ಪಿಪಿಎಸ್‌ಆರ್ ದಾಖಲೆ ತೆಗೆಸಿದರೆ ಗಾಡಿಯ ಮೇಲೆ ಸಾಲ ಇದೆಯೇ, ಕದ್ದದ್ದೇ, ಅಪಘಾತದಲ್ಲಿ ಜಖಂ ಎಂದು ಬರೆದುಹಾಕಿದ್ದೇ ಎಲ್ಲ ತಿಳಿಯುತ್ತದೆ. ಗಾಡಿ ರಸ್ತೆಗೆ ಯೋಗ್ಯ ಎನ್ನುವ ರೋಡ್‌ವರ್ದಿ ಸರ್ಟಿಫಿಕೇಟನ್ನು ಮಾರುವವರಿಂದಲೇ ಕೇಳು. ನೋಡಲು ಹೋಗುವ ದಿನ ನನಗೆ ಹೇಳು, ಜೊತೆಗೆ ಬರುತ್ತೇನೆ. ಮಾರುವವರಿಗೆ ಮಾತ್ರ ಹಿಂದಿನ ದಿನವೇ ತಿಳಿಸಿರು: ನಾವು ಬರುವ ಮೊದಲು ಸ್ಟಾರ್ಟ್ ಮಾಡಿ ಬಿಸಿ ಮಾಡಿಡುವುದು ಬೇಡ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಅದರ ಸದ್ದು ಕೇಳಬೇಕು.

ನಿನ್ನ
ಚಿಕ್ಕಮ್ಮ